ಕಲಾಂ ಅವರ ಆತ್ಮಕಥೆಯಲ್ಲಿ ಮೈಸೂರಿನ ಒಂದು ಪುಟ



ನಮ್ಮ ಸಮಾಜದ ಯಾವ ಶೈಕ್ಷಣಿಕ ಸಭೆಗೆ ಹೋದರೂ ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಹೆಚ್ಚಾಗಿ ಎರಡು ಚಿತ್ರಗಳು ಕಾಣುತ್ತವೆ. ಒಂದು ಹಜ್ರತ್ ಟಿಪ್ಪು ಸುಲ್ತಾನ್ ಶಹೀದರದು, ಇನ್ನೊಂದು ಮರಹೂಮ್ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರದು. ಭಾಷಣಕಾರರು ಇಬ್ಬರ ಹೆಸರನ್ನೂ ಎತ್ತುತ್ತಾರೆ, ಚಪ್ಪಾಳೆ ಬೀಳುತ್ತದೆ, ಸಭೆ ಮುಗಿಯುತ್ತದೆ. ಆದರೆ ಈ ಎರಡು ಹೆಸರುಗಳನ್ನು ಒಂದೇ ಕಡೆ ತರುವ ಪುಟವೊಂದು ಕಲಾಂ ಅವರ ಆತ್ಮಕಥೆಯಲ್ಲಿಯೇ ಇದೆ ಎಂಬುದನ್ನು ಆ ಪುಸ್ತಕ ತೆರೆದವರು ಮಾತ್ರ ಬಲ್ಲರು. ಈ ಲೇಖನ ಆ ಪುಟದ ಬಗ್ಗೆ.

ಪುಸ್ತಕದ ಹೆಸರು 'ವಿಂಗ್ಸ್ ಆಫ್ ಫೈರ್'. ಅರುಣ್ ತಿವಾರಿಯವರ ಜೊತೆಗೂಡಿ ಬರೆದದ್ದು, 1999ರಲ್ಲಿ ಪ್ರಕಟವಾಯಿತು. ಕನ್ನಡ, ಉರ್ದು ಎರಡೂ ಭಾಷೆಗಳಲ್ಲಿ ಅನುವಾದ ಬಂದಿದೆ. ಉರ್ದುವಿನಲ್ಲಿ ಆತ್ಮಕಥೆಗೆ 'ಆಪ್‌ಬೀತಿ' ಎನ್ನುತ್ತೇವೆ, ಅಂದರೆ ತನ್ನ ಮೇಲೆ ಕಳೆದು ಹೋದದ್ದು. ಕಲಾಂ ಅವರ ಪುಸ್ತಕಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಅದರಲ್ಲಿ 'ನಾನು ಮಾಡಿದೆ' ಎನ್ನುವುದು ಕಡಿಮೆ, ಜೊತೆಗೆ ಕೆಲಸ ಮಾಡಿದವರ ಹೆಸರುಗಳೇ ಹೆಚ್ಚು. ಎರಡನೆಯ ಅರ್ಧದಲ್ಲಿ ಇಲಾಖೆಗಳ, ಯೋಜನೆಗಳ ಸಂಕ್ಷೇಪಾಕ್ಷರಗಳು ಬಹಳ. ಎಸ್ಸೆಸ್ಸೆಲ್ಸಿ ಮಕ್ಕಳು ಆ ಭಾಗವನ್ನು ಬೇಗ ಬೇಗ ದಾಟಿದರೂ ನಷ್ಟವಿಲ್ಲ ಎಂದು ನನ್ನ ಅಭಿಪ್ರಾಯ. ಮೊದಲ ಭಾಗವನ್ನು ಮಾತ್ರ ನಿಧಾನವಾಗಿ ಓದಬೇಕು.

ರಾಮೇಶ್ವರದ ಮಸೀದಿ ಬೀದಿಯ ಮನೆ, ದೋಣಿ ಕಟ್ಟಿಸಿದ ತಂದೆ ಜೈನುಲಾಬ್ದೀನ್, ಹುಣಸೆ ಬೀಜ ಆರಿಸಿ ಅಂಗಡಿಗೆ ಮಾರಿದರೆ ದಿನಕ್ಕೆ ಸಿಗುತ್ತಿದ್ದ ಒಂದು ಆಣೆ, ಯುದ್ಧಕಾಲದಲ್ಲಿ ಓಡುವ ರೈಲಿನಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಹಿಡಿಯಲು ನೆರವಾಗಿ ಪಡೆದ ಮೊದಲ ಸಂಪಾದನೆ, ಇವೆಲ್ಲ ನೀವು ಎಲ್ಲೋ ಕೇಳಿರುತ್ತೀರಿ. ತಲೆಯ ಮೇಲೆ ಟೋಪಿ ಇದ್ದ ಕಾರಣಕ್ಕೆ ಹೊಸ ಮೇಷ್ಟ್ರೊಬ್ಬರು ಹುಡುಗ ಕಲಾಂನನ್ನು ಅರ್ಚಕರ ಮಗನ ಪಕ್ಕದಿಂದ ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದ್ದೂ, ಆ ಅರ್ಚಕರಾದ ಲಕ್ಷ್ಮಣ ಶಾಸ್ತ್ರಿಗಳೇ ಮೇಷ್ಟ್ರನ್ನು ಕರೆಸಿ ಬುದ್ಧಿ ಹೇಳಿದ್ದೂ ಪ್ರಸಿದ್ಧ. ನಾನು ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ತೋರಿಸಲು ಬಯಸುವುದು ಬೇರೊಂದು ಸಾಲು. ಮದ್ರಾಸಿನ ಎಂ.ಐ.ಟಿ.ಗೆ ಆಯ್ಕೆಯಾದಾಗ ಪ್ರವೇಶಕ್ಕೆ ಸುಮಾರು ಸಾವಿರ ರೂಪಾಯಿ ಬೇಕಾಗಿತ್ತು. ತಂದೆಯ ಬಳಿ ಅಷ್ಟು ಹಣವಿರಲಿಲ್ಲ. ಅಕ್ಕ ಜೊಹರಾ ತನ್ನ ಚಿನ್ನದ ಬಳೆ ಮತ್ತು ಸರವನ್ನು ಒತ್ತೆ ಇಟ್ಟಳು. ಆ ಬಳೆಗಳನ್ನು ತನ್ನ ದುಡಿಮೆಯಿಂದಲೇ ಬಿಡಿಸಿಕೊಡಬೇಕೆಂದು ಕಲಾಂ ಅಂದೇ ನಿಶ್ಚಯಿಸಿದರು. ಭಾರತದ ಕ್ಷಿಪಣಿಗಳ ಕಥೆ ಬರೆಯುವವರು ಆ ಒತ್ತೆ ಚೀಟಿಯಿಂದ ಶುರು ಮಾಡಬೇಕು.

ಓದು ಮುಗಿದ ಮೇಲೆ ಅವರು ಬಂದದ್ದು ನಮ್ಮ ಬೆಂಗಳೂರಿಗೆ. ಮೊದಲು ಎಚ್.ಎ.ಎಲ್.ನಲ್ಲಿ ತರಬೇತಿ. ವಾಯುಪಡೆಯ ಆಯ್ಕೆಯಲ್ಲಿ 25 ಮಂದಿಯಲ್ಲಿ ಒಂಬತ್ತನೆಯವರಾದರು, ಇದ್ದ ಹುದ್ದೆಗಳು ಎಂಟು. ಪೈಲಟ್ ಆಗುವ ಆಸೆ ಅಲ್ಲಿಗೆ ಮುಗಿಯಿತು. ರಕ್ಷಣಾ ಇಲಾಖೆಯಲ್ಲಿ ಮೂಲವೇತನ 250 ರೂಪಾಯಿಯ ಕೆಲಸ ಸಿಕ್ಕಿ, ಕೆಲಕಾಲದ ನಂತರ ಬೆಂಗಳೂರಿನ ಎ.ಡಿ.ಇ. ಪ್ರಯೋಗಾಲಯ ಸೇರಿದರು. ಅಲ್ಲಿ ನಾಲ್ಕೈದು ಜನ ಸೇರಿ ನೆಲದಿಂದ ಸ್ವಲ್ಪ ಮೇಲೆ ಗಾಳಿಯ ಹಾಸಿಗೆಯ ಮೇಲೆ ತೇಲುವ ವಾಹನ, ಅಂದರೆ ಹೋವರ್‌ಕ್ರಾಫ್ಟ್ ತಯಾರಿಸಿದರು. 550 ಕಿಲೋ ಭಾರವನ್ನು 40 ಮಿಲಿಮೀಟರ್ ದಪ್ಪದ ಗಾಳಿ ಹೊರುತ್ತಿತ್ತು. ಹೆಸರು 'ನಂದಿ'. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅದರಲ್ಲಿ ಕುಳಿತರು, ನಡೆಸಿದವರು ಕಲಾಂ. 1962ರಲ್ಲಿ ಮೆನನ್ ಅಧಿಕಾರ ಬಿಟ್ಟರು. ನಂದಿಯೂ ಮೂಲೆ ಸೇರಿತು. ಆದರೆ ಅದನ್ನು ನೋಡಿ ಹೋಗಿದ್ದ ಪ್ರೊ. ಎಂ.ಜಿ.ಕೆ. ಮೆನನ್ ಅವರ ಮೂಲಕ ಕಲಾಂ ಅವರಿಗೆ ವಿಕ್ರಮ್ ಸಾರಾಭಾಯಿಯವರ ಬಾಹ್ಯಾಕಾಶ ಸಮಿತಿಯ ಬಾಗಿಲು ತೆರೆಯಿತು.

ಅಲ್ಲಿಂದ ತರಬೇತಿಗೆ ಅಮೆರಿಕಕ್ಕೆ ಹೋದದ್ದು, ನಾನು ಹೇಳಹೊರಟ ಪುಟ ಇಲ್ಲಿದೆ. ವರ್ಜೀನಿಯಾ ರಾಜ್ಯದ ವಾಲಪ್ಸ್ ದ್ವೀಪದಲ್ಲಿ ನಾಸಾದ ರಾಕೆಟ್ ಕೇಂದ್ರವಿದೆ. ಅದರ ಸ್ವಾಗತ ಕೊಠಡಿಯ ಗೋಡೆಯ ಮೇಲೆ ಒಂದು ಯುದ್ಧದ ಚಿತ್ರ ತೂಗುತ್ತಿತ್ತು. ಹಿನ್ನೆಲೆಯಲ್ಲಿ ರಾಕೆಟ್ಟುಗಳು ಹಾರುತ್ತಿವೆ. ಹಾರಿಸುತ್ತಿರುವವರು ಬಿಳಿಯರಲ್ಲ, ನಮ್ಮ ಕಡೆಯ ಮೈಬಣ್ಣದವರು. ಕುತೂಹಲದಿಂದ ಹತ್ತಿರ ಹೋಗಿ ನೋಡಿದರೆ ಅದು ಬ್ರಿಟಿಷರೊಂದಿಗೆ ಕಾದಾಡುವ ಟಿಪ್ಪುವಿನ ಸೈನ್ಯ. ಸ್ವದೇಶದಲ್ಲಿ ಮರೆತುಹೋದ ಸಂಗತಿ ಭೂಮಿಯ ಆ ತುದಿಯಲ್ಲಿ ನೆನಪಿನಲ್ಲಿದೆಯಲ್ಲ ಎಂದು ಕಲಾಂ ಅವರಿಗೆ ಸಂತೋಷವೂ ಆಯಿತು, ಮನಸ್ಸಿಗೆ ನಾಟಿತು ಕೂಡ.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ನಾವು ಸ್ವಲ್ಪ ಎಚ್ಚರ ವಹಿಸಬೇಕು. 'ಟಿಪ್ಪು ರಾಕೆಟ್ ಕಂಡುಹಿಡಿದರು' ಎಂದು ಭಾಷಣದಲ್ಲಿ ಹೇಳಿದರೆ ಇತಿಹಾಸ ಬಲ್ಲವರು ಒಪ್ಪುವುದಿಲ್ಲ. ರಾಕೆಟ್ ಹುಟ್ಟಿದ್ದು ಚೀನಾದಲ್ಲಿ. ನಮ್ಮಲ್ಲಿಯೂ ಅದು ಹಳೆಯದೇ. ಕನ್ನಡದಲ್ಲಿ ಪಟಾಕಿ ಮತಾಪುಗಳಿಗೆ 'ಬಾಣಬಿರುಸು' ಎನ್ನುತ್ತೇವಲ್ಲ, ಆ 'ಬಾಣ'ವೇ ರಾಕೆಟ್. ಮೊಗಲರ ದಂಡಿನಲ್ಲಿಯೂ ಇದಕ್ಕೆ 'ಬಾನ್' ಎಂದೇ ಹೆಸರು. 1443ರಲ್ಲಿ ಸುಲ್ತಾನ್ ಶಾಹ್‌ರುಖ್‌ನ ರಾಯಭಾರಿಯಾಗಿ ನಮ್ಮ ಹಂಪಿಗೆ ಬಂದ ಅಬ್ದುರ್ ರಜ್ಜಾಕ್, ಇಮ್ಮಡಿ ದೇವರಾಯನ ಮಹಾನವಮಿಯ ವೈಭವವನ್ನು ಫಾರಸಿಯಲ್ಲಿ ವರ್ಣಿಸುವಾಗ ಬಾಣಬಿರುಸುಗಳನ್ನೂ ನೆನೆಯುತ್ತಾನೆ. ಟಿಪ್ಪುವಿಗೆ ಮುನ್ನೂರು ವರ್ಷಗಳಿಗೂ ಹಿಂದೆ ಹೊಸಪೇಟೆಯಿಂದ ಎರಡೂವರೆ ಹರದಾರಿ ದೂರದಲ್ಲಿ ಮದ್ದು ಆಕಾಶಕ್ಕೆ ಹಾರುತ್ತಿತ್ತು ಎಂದಾಯಿತು.

ಹಾಗಾದರೆ ಮೈಸೂರಿನವರು ಮಾಡಿದ್ದೇನು? ಕೊಳವೆಯನ್ನು ಕಬ್ಬಿಣದಿಂದ ಮಾಡಿದರು. ಮಾತು ಚಿಕ್ಕದು, ಕೆಲಸ ದೊಡ್ಡದು. ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದನ್ನು ಹೆಚ್ಚು ಗಿಡಿದು ತುಂಬಿದರೆ ಕೊಳವೆಯೇ ಸಿಡಿಯುತ್ತದೆ. ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುತ್ತದೆ. ಒಳಗಿನ ಅನಿಲ ಹಿಂದಕ್ಕೆ ರಭಸದಿಂದ ನುಗ್ಗಿದಷ್ಟೂ ಬಾಣ ಮುಂದಕ್ಕೆ ನುಗ್ಗುತ್ತದೆ. ಇದು ನೀವು ಓದಿರುವ ನ್ಯೂಟನ್ನನ ಮೂರನೆಯ ನಿಯಮವೇ. ಆಗಿನ ಇತರ ರಾಕೆಟ್ಟುಗಳು ಅಷ್ಟು ದೂರ ಹೋಗುತ್ತಿರಲಿಲ್ಲ. ಮೈಸೂರಿನದು ಒಂದೂವರೆ, ಎರಡು ಕಿಲೋಮೀಟರ್ ಹೋಗಿ ಬೀಳುತ್ತಿತ್ತು. ಇಂಗ್ಲೆಂಡಿನ ವುಲಿಚ್ ಸಂಗ್ರಹಾಲಯಕ್ಕೆ ಸೇರಿದ ಎರಡು ಮೈಸೂರು ರಾಕೆಟ್ಟುಗಳ ಅಳತೆಯನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಪ್ರಬಂಧದಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ, ಒಂದು ಮೀಟರ್ ಉದ್ದದ ಕತ್ತಿಯ ಅಲಗಿಗೆ ಚರ್ಮದ ಪಟ್ಟಿಯಿಂದ ಕಟ್ಟಿದ್ದು. ಇನ್ನೊಂದು ಸಣ್ಣದು, ಸುಮಾರು ಎರಡು ಮೀಟರಿನ ಬಿದಿರಿನ ಗಳುವಿಗೆ ಬಿಗಿದದ್ದು.

ಈ ವಿದ್ಯೆ ಒಬ್ಬರಿಂದ ಒಂದೇ ದಿನದಲ್ಲಿ ಬಂದದ್ದಲ್ಲ. ಹೈದರಾಲಿಯ ತಂದೆ ಫತೇಹ್ ಮುಹಮ್ಮದರೇ ಬೂದಿಕೋಟೆಯಲ್ಲಿದ್ದಾಗ ಆರ್ಕಾಟಿನ ನವಾಬನ ಪರವಾಗಿ 50 ಬಾಣಗಾರರ ನಾಯಕರಾಗಿದ್ದರು. ಹೈದರ್ ಅದನ್ನು ಬೆಳೆಸಿದ, ಟಿಪ್ಪು ವ್ಯವಸ್ಥೆಗೆ ತಂದ. ಆಸ್ಥಾನದ ಜೈನುಲ್ ಆಬಿದೀನ್ ಶುಸ್ತರಿ ಬರೆದ 'ಫತ್‌ಹುಲ್ ಮುಜಾಹಿದೀನ್' ಎಂಬ ಫಾರಸಿ ಸೇನಾ ಕೈಪಿಡಿಯಲ್ಲಿ ಪ್ರತಿ ಕುಶೂನಿಗೆ, ಅಂದರೆ ಪ್ರತಿ ದಂಡಿಗೆ, 200 ಬಾಣಗಾರರನ್ನು ಗೊತ್ತುಮಾಡಿತ್ತು. ಕಲಾಂ ಅವರ ಪುಸ್ತಕದಲ್ಲಿ ಕುಶೂನುಗಳ ಸಂಖ್ಯೆ 27 ಎಂದಿದೆ. ಬೇರೆ ಲೇಖಕರು 16ರಿಂದ 24 ಎನ್ನುತ್ತಾರೆ. ಒಂದೇ ಪುಸ್ತಕ ಓದಿ ಅಂಕಿ ಬಾಯಿಪಾಠ ಮಾಡಬೇಡಿ ಎಂದು ತರಗತಿಯಲ್ಲಿ ಹೇಳುವುದು ಇದಕ್ಕೇ. ಬಾಣಗಾರರ ತುಕಡಿಗೆ ಇಂಗ್ಲಿಷ್ ಪುಸ್ತಕದಲ್ಲಿ 'ಜೋರ್ಕ್' ಎಂದು ಅಚ್ಚಾಗಿದೆ. ಉರ್ದು ಓದುವ ಮಕ್ಕಳಿಗೆ ಇದು ಕಷ್ಟವಲ್ಲ. ಜನರು 'ಜೌಕ್ ದರ್ ಜೌಕ್' ಬಂದರು ಎನ್ನುತ್ತೇವಲ್ಲ, ಅದೇ ಜೌಕ್, ಗುಂಪು.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡು ಕಂಪನಿಯ ಸೈನ್ಯ ನಾಶವಾಯಿತು. ಬೆಂಕಿ ತಗುಲಿದ್ದು ರಾಕೆಟ್ಟಿನಿಂದ ಎಂದು ಕೆಲವರು, ಫಿರಂಗಿ ಗುಂಡಿನಿಂದ ಎಂದು ಕೆಲವರು. ಪ್ರವಾಸ ಹೋದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ಕದನದ ಚಿತ್ರವನ್ನು ನೋಡಬಹುದು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಬಳಿ ಕತ್ತಲೆಯಲ್ಲಿ ಬಾಣಗಳು ಬೀಳತೊಡಗಿದಾಗ ದಂಡು ಚದುರಿ ಹಿಂದೆ ಸರಿದ ಅಧಿಕಾರಿಯ ಹೆಸರು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ತಿಂಗಳು ಕಳೆಯುವುದರೊಳಗೆ, ಮೇ 4ರಂದು, ಟಿಪ್ಪು ಕೋಟೆಯೊಳಗೆ ಹೋರಾಡುತ್ತ ಶಹೀದರಾದರು. 700ಕ್ಕೂ ಹೆಚ್ಚು ರಾಕೆಟ್ಟುಗಳೂ ಇನ್ನೂ 900ರ ಬಿಡಿಭಾಗಗಳೂ ಬ್ರಿಟಿಷರ ಕೈಸೇರಿದವು ಎಂದು ಕಲಾಂ ಬರೆಯುತ್ತಾರೆ.

ಮುಂದೆ ಏನಾಯಿತು ನೋಡಿ. ಮಾದರಿಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ 1804ರ ಹೊತ್ತಿಗೆ ಪ್ರಯೋಗ ಆರಂಭಿಸಿದ. ತೂಗಿದ, ಅಳೆದ, ಹಾರಿಸಿ ನೋಡಿದ, ಎಲ್ಲವನ್ನೂ ಬರೆದು ಅಚ್ಚು ಹಾಕಿಸಿದ. 1806ರಲ್ಲಿ ಬುಲೋನ್, 1807ರಲ್ಲಿ ಕೋಪನ್‌ಹೇಗನ್ ನಗರಗಳ ಮೇಲೆ ಆ ರಾಕೆಟ್ಟುಗಳು ಬಿದ್ದವು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೂ ಬಿದ್ದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ ಅಂದು ಬಿದ್ದದ್ದೇ. ಇತ್ತ ಮೈಸೂರಿನಲ್ಲಿ? ದೊರೆ ಹೋದ, ದಂಡು ಚದುರಿತು, ಕೊಳ್ಳುವವರಿಲ್ಲದೆ ಕುಲುಮೆ ಆರಿತು. ಶುಸ್ತರಿಯ ಕೈಪಿಡಿ ಸಿಪಾಯಿಗಾಗಿ ಬರೆದದ್ದು, ಕಮ್ಮಾರನಿಗಾಗಿ ಅಲ್ಲ. ಕೊಳವೆ ಬಡಿದವನ ವಿದ್ಯೆ ಅವನ ಕೈಯಲ್ಲಿತ್ತು, ಅವನ ಜೊತೆಗೇ ಹೋಯಿತು. ಅವನಿಗೆ ಆಪ್‌ಬೀತಿ ಬರೆಯುವ ಅಕ್ಷರವಿರಲಿಲ್ಲ.

ನಮ್ಮ ಸೀಮೆಯಲ್ಲಿಯೂ ಇಂಥದೊಂದು ಕಥೆ ಇದೆ. ಸಂಡೂರಿನ ಅದಿರಿನಿಂದಲೇ ಟಿಪ್ಪುವಿನ ರಾಕೆಟ್ ಆಯಿತೆಂದು ನಾನು ಹೇಳುತ್ತಿಲ್ಲ, ಹಾಗೆಂದು ಯಾರೂ ಬರೆಯಲೂ ಬಾರದು. ಆದರೆ 1904ರ ಬಳ್ಳಾರಿ ಗೆಜೆಟಿಯರ್ ನೋಡಿದರೆ, ಒಂದು ಕಾಲಕ್ಕೆ ನಮ್ಮ ಕಮಲಾಪುರದ ಕಮ್ಮಾರರು ಜಂಬುನಾಥ ಗುಡ್ಡದ ಅದಿರು ತಂದು ಕರಗಿಸಿ, ಆಲೆಮನೆಗೆ ಬೇಕಾದ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳನ್ನು ಮಾಡುತ್ತಿದ್ದರೆಂದು ತಿಳಿಯುತ್ತದೆ. ವಿಲಾಯತಿಯ ಅಗ್ಗದ ಕಬ್ಬಿಣ ಬಂದ ಮೇಲೆ ಅದು ನಿಂತುಹೋಯಿತು. ಇಂದು ಅದೇ ಗುಡ್ಡಗಳ ಅದಿರು ಲಾರಿ, ರೈಲುಗಳಲ್ಲಿ ಹೋಗುವುದನ್ನು ನಾವು ನೋಡುತ್ತೇವೆ. ಅದನ್ನು ಸೌದೆ ಇದ್ದಿಲಿನ ಒಲೆಯಲ್ಲಿ ಕರಗಿಸುತ್ತಿದ್ದ ಬಗೆಯನ್ನು ಹೇಳಬಲ್ಲ ಮನೆ ಕಮಲಾಪುರದಲ್ಲಿ ಒಂದಾದರೂ ಉಳಿದಿದ್ದರೆ, ನಮ್ಮ ಪ್ರೌಢಶಾಲೆಯ ಮಕ್ಕಳು ಹೋಗಿ ಕೇಳಿ ಬರೆದುಕೊಳ್ಳಬೇಕು.

ಕಲಾಂ ಅವರ ಪುಸ್ತಕ ದೊಡ್ಡದೆನಿಸುವುದು ನನಗೆ ಈ ಕಾರಣಕ್ಕೆ. ಅವರು ಗೆಲುವನ್ನು ಮಾತ್ರ ಬರೆಯಲಿಲ್ಲ. 1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3 ಹಾರಿ 317 ಸೆಕೆಂಡಿನಲ್ಲಿ ಸಮುದ್ರದ ಪಾಲಾಯಿತು. ಎರಡನೆಯ ಹಂತದ ನಿಯಂತ್ರಣಕ್ಕೆ ಬೇಕಾದ ಆಮ್ಲ ಸೋರಿಹೋಗಿತ್ತು. ಕವಾಟದಲ್ಲಿ ಕಸ ಸಿಕ್ಕಿದ್ದು, ಹಾರುವ ಕೆಲವೇ ನಿಮಿಷ ಮೊದಲು ಸೋರಿಕೆ ಕಂಡರೂ ಮುಂದುವರಿದದ್ದು, ಸಭೆಯಲ್ಲಿ ಎದ್ದುನಿಂತು ಹೊಣೆ ಹೊತ್ತದ್ದು, ಎಲ್ಲವನ್ನೂ ಬರೆದಿದ್ದಾರೆ. 1980ರ ಜುಲೈ 18ರಂದು ಅದೇ ಜಾತಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಹಿಂದಿನ ವರ್ಷದ ಸೋಲನ್ನು ಸಾಲು ಸಾಲಾಗಿ ಪರೀಕ್ಷಿಸಿ ಕಾಗದದಲ್ಲಿ ಇಟ್ಟದ್ದರಿಂದಲೇ ಅದು ಸಾಧ್ಯವಾಯಿತು.

ಟಿಪ್ಪುವಿನ ಬಗ್ಗೆ ನಮ್ಮ ರಾಜ್ಯದಲ್ಲಿ ಜಗಳಕ್ಕೆ ಕೊರತೆಯಿಲ್ಲ. ಆ ಜಗಳ ಯಾವುದೂ ತಿಳಿಯದ ಸಾಕ್ಷಿಗಳು ಇತ್ತೀಚೆಗೆ ನೆಲದಿಂದ ಮೇಲೆ ಬಂದಿವೆ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರು ಹಳೆಯ ಬಿದನೂರು. 1763ರಲ್ಲಿ ಹೈದರ್ ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟದ್ದು. ಅಲ್ಲಿನ ಒಂದು ಪಾಳು ಬಾವಿಯ ಹೂಳಿನಲ್ಲಿ 2002ರಲ್ಲಿ ಕೆಲವು ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಮೈಸೂರು ರಾಕೆಟ್ಟುಗಳೆಂದು ಗುರುತಾಗಲು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆ ಅಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಕೆಸರಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ. ಕಲಾಂ ಅವರು 2015ರ ಜುಲೈ 27ರಂದು ಶಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳೆದುರು ಮಾತನಾಡುತ್ತಲೇ ಕುಸಿದು ತೀರಿಕೊಂಡಿದ್ದರು. ಮೂರು ವರ್ಷ ಬದುಕಿದ್ದರೆ ವಾಲಪ್ಸಿನ ಚಿತ್ರದಲ್ಲಿ ಕಂಡದ್ದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು.

ಆ ಕೊಳವೆಗಳನ್ನು ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಸಂಗ್ರಹಾಲಯಕ್ಕೆ ಸಾಗಿಸಿದರು. ಈ ವರ್ಷದ ಶೈಕ್ಷಣಿಕ ಪ್ರವಾಸ ಎಲ್ಲಿಗೆ ಎಂದು ಮಕ್ಕಳು ಕೇಳುತ್ತಿದ್ದಾರೆ. ಜೋಗಕ್ಕೆ ಹೋಗುವ ಬಸ್ಸು ಶಿವಮೊಗ್ಗದ ಮೇಲೆಯೇ ಹೋಗುತ್ತದೆ. ಅಲ್ಲಿ ಒಂದು ಗಂಟೆ ಇಳಿಯೋಣ. ಹೊರಡುವ ಮುನ್ನ ಪುಸ್ತಕದ ಮೊದಲ ಭಾಗವನ್ನು ಓದಿ ಮುಗಿಸಿರಿ, ಅಳತೆಪಟ್ಟಿ ಮತ್ತು ನೋಟ್‌ಬುಕ್ ಜೊತೆಗಿರಲಿ.