ಶ್ವಾಸನಾಳದೊಳಗಣ ಬೆಳಕು: ಅಂತರ್ದರ್ಶನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಪತ್ತೆಯ ಚರಿತ್ರೆ

ಶ್ವಾಸನಾಳದ ಅಂತರ್ದರ್ಶನವು ಕ್ಯಾನ್ಸರ್ ಪತ್ತೆಗಾಗಿ ಹುಟ್ಟಿದ ವಿದ್ಯೆಯಲ್ಲ. 1897ರಲ್ಲಿ ಜರ್ಮನಿಯ ಫ್ರೈಬರ್ಗ್ ನಗರದಲ್ಲಿ ಗುಸ್ತಾವ್ ಕಿಲಿಯನ್ ಅವರು ರೈತನೊಬ್ಬನ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಹಂದಿಯ ಮೂಳೆಯ ಚೂರನ್ನು ಲೋಹದ ನೇರ ಕೊಳವೆಯ ಮೂಲಕ ಹೊರತೆಗೆದುದು ಇದರ ಆರಂಭ. ಫಿಲಡೆಲ್ಫಿಯಾದ ಶೆವಲಿಯರ್ ಜಾಕ್ಸನ್ ಅವರು ಈ ಉಪಕರಣವನ್ನು ಪರಿಷ್ಕರಿಸಿದರು. ಅವರ ಕೀರ್ತಿಯೂ ಬಹುಮಟ್ಟಿಗೆ ರೋಗಿಗಳ ಗಂಟಲು, ಶ್ವಾಸನಾಳಗಳಿಂದ ತೆಗೆದ ಪಿನ್ನು, ಗುಂಡಿ, ನಾಣ್ಯಗಳಿಂದಲೇ ಬಂದುದು. ಅಂತಹ 2,000ಕ್ಕೂ ಹೆಚ್ಚು ವಸ್ತುಗಳು ಅದೇ ನಗರದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿವೆ.

ಬಾಗದ ಕೊಳವೆಗೆ ಶ್ವಾಸನಾಳದ ದೊಡ್ಡ ಕವಲುಗಳು ಮಾತ್ರ ಎಟುಕುತ್ತಿದ್ದವು. ಈ ಮಿತಿಯನ್ನು ದಾಟಿದವರು ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಶಿಗೆಟೊ ಇಕೆಡಾ. ಸಾವಿರಾರು ಗಾಜಿನ ಎಳೆಗಳ ಕಂತೆಯಿಂದ ರಚಿತವಾದ ಅವರ ಬಳುಕುವ ದರ್ಶಕವನ್ನು 1966ರಲ್ಲಿ ಕೋಪನ್‌ಹೇಗನ್ನಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಪರಿಚಯಿಸಲಾಯಿತು. ಉಪಕವಲುಗಳನ್ನೂ ಕಣ್ಣಾರೆ ಕಂಡು, ಅಲ್ಲಿಯ ಅಂಗಾಂಶದ ಚೂರನ್ನು ಪರೀಕ್ಷೆಗೆ ತೆಗೆಯುವುದು ಇದರಿಂದ ಸಾಧ್ಯವಾಯಿತು. 1980ರ ದಶಕದಲ್ಲಿ ಗಾಜಿನ ಎಳೆಗಳ ಸ್ಥಾನಕ್ಕೆ ತುದಿಯಲ್ಲಿನ ಪುಟ್ಟ ವಿಡಿಯೋ ಸಂವೇದಕ ಬಂದಿತು.

ಆದರೆ ನಿಜವಾದ ತೊಡಕು ಕೊಳವೆಯದಲ್ಲ, ಬೆಳಕಿನದು. ಅತ್ಯಂತ ಆರಂಭದ ಕ್ಯಾನ್ಸರ್ ಕೆಲವೇ ಜೀವಕೋಶಗಳಷ್ಟು ದಪ್ಪದ ಪದರವಾಗಿರುತ್ತದೆ. ಬಿಳಿಯ ಬೆಳಕಿನಲ್ಲಿ ಅನುಭವಿ ವೈದ್ಯರಿಗೂ ಅದು ಆರೋಗ್ಯವಂತ ಲೋಳೆಪೊರೆಯಂತೆಯೇ ತೋರಬಹುದು. ಕೆನಡಾದ ವ್ಯಾಂಕೂವರ್‌ನಲ್ಲಿ ಸ್ಟೀಫನ್ ಲ್ಯಾಮ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದಕ್ಕೊಂದು ಉಪಾಯವನ್ನು ರೂಪಿಸಿದರು. ನೀಲಿ ಬೆಳಕು ಬಿದ್ದಾಗ ಸಹಜ ಅಂಗಾಂಶವು ತಾನಾಗಿ ಹಸಿರಾಗಿ ಹೊಳೆಯುತ್ತದೆ; ವಿಕೃತಗೊಂಡ ತಾಣದಲ್ಲಿ ಆ ಹಸಿರು ಕುಗ್ಗಿ ಕಂದುಗೆಂಪು ಕಾಣುತ್ತದೆ. 1998ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನವು, ಬಿಳಿ ಬೆಳಕಿನ ಜೊತೆಗೆ ಈ ವಿಧಾನವನ್ನೂ ಬಳಸಿದಾಗ ಲೋಳೆಪೊರೆಯೊಳಗಿನ ವಿಕೃತಿಗಳ ಪತ್ತೆ ಹಲವು ಪಟ್ಟು ಹೆಚ್ಚಿತೆಂದು ತೋರಿಸಿತು. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಬರಿಯ ಉರಿಯೂತವೂ ಇದೇ ಬಣ್ಣ ತೋರುವುದರಿಂದ ಕ್ಯಾನ್ಸರ್ ಇಲ್ಲದವರಿಂದಲೂ ಅನೇಕ ಬಾರಿ ಅಂಗಾಂಶ ತೆಗೆಯಬೇಕಾಗುತ್ತಿತ್ತು. ಸುಮಾರು 415 ಮತ್ತು 540 ನ್ಯಾನೋಮೀಟರುಗಳ ಕಿರಿದಾದ ಪಟ್ಟಿಗಳನ್ನಷ್ಟೇ ಬಳಸಿ ರಕ್ತನಾಳಗಳ ವಿನ್ಯಾಸವನ್ನು ಎತ್ತಿ ತೋರಿಸುವ ಜಪಾನೀ ವಿಧಾನವು ಈ ದೋಷವನ್ನು ಬಹಳಷ್ಟು ತಗ್ಗಿಸಿತು.

ಇಷ್ಟರಲ್ಲಿ ರೋಗವೇ ತನ್ನ ನೆಲೆ ಬದಲಿಸಿತ್ತೆನ್ನಬೇಕು. ಮಧ್ಯದ ದೊಡ್ಡ ನಾಳಗಳಲ್ಲಿ ಹುಟ್ಟುವ ಶಲ್ಕಕೋಶದ ಕ್ಯಾನ್ಸರ್ ಅನೇಕ ದೇಶಗಳಲ್ಲಿ ಕಡಿಮೆಯಾಗಿ, ಅಂಚಿನಲ್ಲಿ ಬೆಳೆಯುವ ಗ್ರಂಥಿಕೋಶದ ಕ್ಯಾನ್ಸರ್ ಮುಂದಾಯಿತು. ಅಂಚಿಗೆ ಬಣ್ಣದ ಬೆಳಕು ತಲುಪದು. 2011ರಲ್ಲಿ ಅಮೆರಿಕೆಯ ರಾಷ್ಟ್ರೀಯ ಅಧ್ಯಯನವು ಕಡಿಮೆ ವಿಕಿರಣದ ಸಿ.ಟಿ. ತಪಾಸಣೆಯಿಂದ ಶ್ವಾಸಕೋಶದ ಕ್ಯಾನ್ಸರಿನ ಸಾವು, ಎದೆಯ ಎಕ್ಸ್-ರೇ ತಪಾಸಣೆಗೆ ಹೋಲಿಸಿದಾಗ, ಶೇಕಡ 20ರಷ್ಟು ತಗ್ಗಿತೆಂದು ವರದಿ ಮಾಡಿದ ಮೇಲೆ ಮೊದಲ ಶೋಧದ ಹೊಣೆ ಸಿ.ಟಿ.ಗೆ ಸಂದಿತು.

ಅಂತರ್ದರ್ಶಕಕ್ಕೆ ಬೇರೆ ಕೆಲಸ ಕಾದಿತ್ತು. ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಯಾಸುಫುಕು ಮತ್ತು ಸಂಗಡಿಗರು 2000ದ ದಶಕದ ಮೊದಲ ವರ್ಷಗಳಲ್ಲಿ ದರ್ಶಕದ ತುದಿಗೆ ಅಲ್ಟ್ರಾಸೌಂಡನ್ನು ಅಳವಡಿಸಿ, ನಾಳದ ಗೋಡೆಯಾಚೆಯ ದುಗ್ಧಗ್ರಂಥಿಯನ್ನು ನೋಡುತ್ತಲೇ ಸೂಜಿ ಚುಚ್ಚುವ ವಿಧಾನವನ್ನು ಬೆಳೆಸಿದರು. ಕ್ಯಾನ್ಸರ್ ಎಷ್ಟು ಹರಡಿದೆಯೆಂದು ತಿಳಿಯಲು ಕತ್ತಿನ ಬುಡದಲ್ಲಿ ಕೊಯ್ದು ಮಾಡುತ್ತಿದ್ದ ಶಸ್ತ್ರಕ್ರಿಯೆ ಅನೇಕ ರೋಗಿಗಳಿಗೆ ಇದರಿಂದ ತಪ್ಪಿತು.