ವಿದ್ಯಾಪದಗಳ ಪೂರ್ವೋತ್ತರ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವು ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದ ದೂರದೂರದ ಯಾತ್ರಿಕರಿಗೆ ಪರಿಚಿತವಾದ ಗ್ರಾಮ. ಈ ಸೀಮೆಯಲ್ಲಿ ಮನೆಯೊಳಗೆ ತೆಲುಗನ್ನೋ ಉರ್ದುವನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಕಲಿತು ಬೆಳೆಯುವ ಮಕ್ಕಳು ಅನೇಕರುಂಟು. ಇಂತಹ ಬಾಲಕನೋ ಬಾಲಿಕೆಯೋ ವಂಶದಲ್ಲಿ ಮೊದಲಿಗರಾಗಿ ಕಾಲೇಜಿನ ಬಾಗಿಲಿಗೆ ಬಂದಾಗ, ಎದುರಿಗೆ ನಿಲ್ಲುವುದು ಶಾಸ್ತ್ರದ ಕಾಠಿಣ್ಯವಲ್ಲ, ಶಬ್ದಗಳ ಕಾಠಿಣ್ಯ. ಅರ್ಜಿಯ ಮೇಲಿನ ಪದವು ತಿಳಿಯದಿದ್ದರೆ ಬುದ್ಧಿವಂತನೂ ಹಿಂಜರಿಯುವನು. ಆದುದರಿಂದ ಆ ಪದಗಳ ಚರಿತ್ರೆಯನ್ನು ಸ್ವಲ್ಪ ವಿಚಾರಿಸುವುದು ಯುಕ್ತವಾಗಿದೆ.

ಮೊದಲು ‘ವಿಶ್ವವಿದ್ಯಾನಿಲಯ’. ಇದರ ಮೂಲವಾದ ಲ್ಯಾಟಿನ್ ‘ಯೂನಿವರ್ಸಿಟಾಸ್’ ಎಂಬುದಕ್ಕೆ ಸಕಲ ವಿದ್ಯೆ ಎಂಬ ಅರ್ಥವಿರಲಿಲ್ಲ. ಗುರುಶಿಷ್ಯರ ಒಟ್ಟು ಸಂಘವೆಂದೇ ಅರ್ಥ. ‘ಕಾಲೇಜು’ ಸಹ ಜೊತೆಗಾರರ ಕೂಟವೇ. ನಮ್ಮವರು ‘ವಿಶ್ವ’ ಶಬ್ದವನ್ನು ಸೇರಿಸಿ ಆ ಹೆಸರಿಗೆ ಹಿರಿದಾದ ಆಶಯವನ್ನು ಕೊಟ್ಟರು.

ಆದರೆ ಕಾಲೇಜು ಬೇರೆ, ಪದವಿಯನ್ನು ಕೊಡುವ ಅಧಿಕಾರ ಬೇರೆ. ಇದನ್ನು ಸೂಚಿಸುವ ಪದವೇ ‘ಸಂಯೋಜಿತ’. ಇದೇ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆದರೆ 1881ರಲ್ಲಿ ಅವರಿಗೆ ಬಿ.ಎ. ಪದವಿಯನ್ನಿತ್ತುದು ಮದರಾಸು ವಿಶ್ವವಿದ್ಯಾನಿಲಯ. ಪಾಠವು ಇಲ್ಲಿ, ಪರೀಕ್ಷೆಯ ಅಧಿಕಾರ ಅಲ್ಲಿ. ಅವರೇ ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಆ ಪರಾಧೀನತೆಯು ಕೊನೆಗೊಂಡಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ವಿಭಾಗವಾದಾಗ ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜುಗಳು ಕೋಲಾರದಲ್ಲಿ ನೆಲೆಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಪರಿಧಿಗೆ ಬಂದವು. ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ತಾನೇ ನಡೆಸಿಕೊಳ್ಳಲು ಅನುಮತಿ ಪಡೆದ ಕಾಲೇಜು ‘ಸ್ವಾಯತ್ತ’ವೆನಿಸುವುದು, ಆಗಲೂ ಪದವಿಯು ವಿಶ್ವವಿದ್ಯಾನಿಲಯದ್ದೇ.

ಅಧಿಕಾರಿಗಳ ಹೆಸರುಗಳೂ ಹಳೆಯವು. ಸಹಸ್ರಾರು ಶಿಷ್ಯರಿಗೆ ಅನ್ನವನ್ನಿತ್ತು ಪಾಠ ಹೇಳುವ ಋಷಿಯೇ ‘ಕುಲಪತಿ’ ಎಂದು ಸಂಸ್ಕೃತ ಸಂಪ್ರದಾಯ. ಹಿಂದೆ ‘ಉಪಕುಲಪತಿ’ ಎನಿಸುತ್ತಿದ್ದವರೇ ಈಗ ಕುಲಪತಿಗಳು; ಅವರ ಮೇಲಿನವರು ಕುಲಾಧಿಪತಿಗಳು; ಕಚೇರಿಯ ವ್ಯವಹಾರವು ಕುಲಸಚಿವರದು. ಅನ್ನದಾನದ ಭಾಗವು ಅರ್ಥದಿಂದ ಜಾರಿಹೋಗಿದೆಯಾದರೂ, ವಿದ್ಯಾರ್ಥಿನಿಲಯದಲ್ಲಿ ಸ್ಥಳವನ್ನು ಹುಡುಕುವ ಬಡ ವಿದ್ಯಾರ್ಥಿಗೆ ಅದೇ ಮುಖ್ಯಭಾಗ.

‘ಘಟಿಕೋತ್ಸವ’ದ ಕಥೆ ಇನ್ನೂ ರಸವತ್ತಾದುದು. ಘಟಿಕೆಯೆಂದರೆ ಪ್ರಾಚೀನ ವಿದ್ಯಾಸ್ಥಾನ. ಕದಂಬ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದನೆಂದು ತಾಳಗುಂದದ ಶಾಸನವು ಹೇಳುತ್ತದೆ. ಕಲಬುರಗಿ ಸೀಮೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ಅಧ್ಯಾಪಕರಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರೆಂದು 1058ರ ಶಾಸನದಿಂದ ತಿಳಿಯುತ್ತದೆ. ಗ್ರಂಥಪಾಲಕನಿಗೆ ಇದಕ್ಕಿಂತ ಗೌರವದ ಹೆಸರುಂಟೆ? ಗುರುಕುಲವಾಸವು ಮುಗಿದು ಸಮಾವರ್ತನದಲ್ಲಿ ಸ್ನಾನ ಮಾಡಿದವನು ‘ಸ್ನಾತಕ’. ಇಂದು ಆ ಸ್ನಾನವಿಲ್ಲ, ಹೆಸರು ಮಾತ್ರ ಉಳಿದಿದೆ. ಅದರ ಮುಂದಿನ ಓದು ‘ಸ್ನಾತಕೋತ್ತರ’.

‘ಸೆಮಿಸ್ಟರ್’ ಎಂಬುದು ಲ್ಯಾಟಿನಿನ ಷಣ್ಮಾಸ. ಮೂರು ವರ್ಷದ ಪದವಿಯಲ್ಲಿ ಅಂತಹವು ಆರು. ‘ಕ್ರೆಡಿಟ್’ ಎಂದರೆ ಸಾಲವಲ್ಲ. ಸಾಮಾನ್ಯವಾಗಿ ಒಂದು ಸೆಮಿಸ್ಟರಿನುದ್ದಕ್ಕೂ ವಾರಕ್ಕೊಂದು ಗಂಟೆಯ ಪಾಠದ ತೂಕ. ಹೆಸರು ಕೇಳಿ ಬೆದರುವ ತಂದೆತಾಯಿಗಳಿಗೆ ಇದನ್ನು ಮೊದಲೇ ತಿಳಿಸಬೇಕು.

ಕಡೆಯದಾಗಿ ‘ಪದವಿ’. ‘ಡಿಗ್ರಿ’ಯ ಮೂಲದಲ್ಲಿರುವ ಲ್ಯಾಟಿನ್ ಶಬ್ದಕ್ಕೆ ಹೆಜ್ಜೆ, ಮೆಟ್ಟಿಲು ಎಂದರ್ಥ. ಸಂಸ್ಕೃತದ ‘ಪದವೀ’ ಶಬ್ದಕ್ಕೆ ಮೊದಲ ಅರ್ಥವು ದಾರಿ, ಸ್ಥಾನಮಾನವೆಂಬುದು ಆಮೇಲಿನದು. ಎರಡು ದೂರದ ಭಾಷೆಗಳು ಒಂದೇ ಮಾತನ್ನಾಡಿವೆ. ದಾರಿಯೆಂಬುದು ನಡೆಯುವವರೆಲ್ಲರಿಗೂ ಸೇರಿದುದು. ಮುರುಗಮಲ್ಲದ ಮಗುವು ಕೈಮರದ ಅಕ್ಷರವನ್ನು ಓದಲಾರದೆ ಹಿಂದಿರುಗಿದರೆ, ದೋಷವು ಮಗುವಿನದಲ್ಲ, ಓದಿ ಹೇಳಬೇಕಾದವರದು.