ಉಳಿಗೆ ಸಲ್ಲುವ ಬೆಲೆ: ಶಿವಾರಪಟ್ಟಣದ ಶಿಲ್ಪಿಗಳ ಕಾಯಕ

ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದ ಹಣದಿಂದ ಜಂಗಮದಾಸೋಹ ನಡೆಸುತ್ತಿದ್ದರು. ಹಗ್ಗಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಹಣ ಬಂದಾಗ ಅದನ್ನು ಅವರು ಒಲ್ಲೆನೆಂದರೆಂಬುದು ಶರಣ ಪರಂಪರೆಯ ಕಥನ. ಹೊಸೆಯುವುದಷ್ಟೇ ಅಲ್ಲ, ನ್ಯಾಯವಾದ ಬೆಲೆಗೆ ಮಾರುವುದೂ ಕಾಯಕದ ಅಂಗವೇ. ಹೆಚ್ಚಿನ ಬೆಲೆ ಸಲ್ಲದೆಂಬ ಈ ನಿಲುವಿನಲ್ಲಿಯೇ ಕಡಿಮೆ ಬೆಲೆಯೂ ಸಲ್ಲದೆಂಬ ಅರ್ಥ ಅಡಗಿದೆ.

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದೇ ಪ್ರಸಿದ್ಧವಾದುದು. ಇಲ್ಲಿನ ವಿಶ್ವಕರ್ಮ ಮನೆತನಗಳು ತಲೆಮಾರುಗಳಿಂದ ದೇವಾಲಯಗಳಿಗೆ ವಿಗ್ರಹಗಳನ್ನು ಕಡೆದುಕೊಟ್ಟಿವೆ. ತಾಳಮಾನ, ಧ್ಯಾನಶ್ಲೋಕ, ಉಳಿ ಹಿಡಿಯುವ ಹದ ಇವೆಲ್ಲ ತಂದೆಯಿಂದ ಮಗನಿಗೆ ಮನೆಯಲ್ಲಿಯೇ ಬಂದ ವಿದ್ಯೆ. ಆದರೆ ಕಲ್ಲಿನ ಖರ್ಚು, ಕೂಲಿ, ಬಡ್ಡಿಗಳನ್ನು ಲೆಕ್ಕ ಹಾಕಿ ಬೆಲೆ ಕಟ್ಟುವುದು ಬೇರೆಯೇ ವಿದ್ಯೆ. ತಿಂಗಳುಗಟ್ಟಲೆ ಕಡೆದ ವಿಗ್ರಹ ಮಾರಾಟವಾಗದೆ ನಿಂತರೆ, ಹಾಕಿದ ಬಂಡವಾಳವೂ ಕಲ್ಲಾಗಿ ನಿಲ್ಲುತ್ತದೆ. ಆಗ ಕೇಳಿದ ಬೆಲೆಗೆ ಕೊಡುವುದು ಅನಿವಾರ್ಯವಾಗುತ್ತದೆ.

ಈ ಕೊರತೆಯನ್ನು ನೀಗಿಸುವ ವ್ಯವಸ್ಥೆಗಳು ಕನ್ನಡ ನಾಡಿನಲ್ಲಿ ಹಂತಹಂತವಾಗಿ ರೂಪುಗೊಂಡವು. 1964ರಲ್ಲಿ ಸ್ಥಾಪಿತವಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು 'ಕಾವೇರಿ' ಮಳಿಗೆಗಳ ಮೂಲಕ ಕುಶಲಕರ್ಮಿಗಳಿಗೆ ಮಾರುಕಟ್ಟೆ ಒದಗಿಸಿತು. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಡನೆ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಜನರಿಗೆ ಉಚಿತ ತರಬೇತಿಯ ಜೊತೆಗೆ, ತರಬೇತಿಯ ನಂತರದ ಮಾರ್ಗದರ್ಶನವನ್ನೂ ನೀಡಿತು. 1992ರಲ್ಲಿ ಧಾರವಾಡದಲ್ಲಿ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ ಸ್ಥಾಪನೆಗೊಂಡಿತು. ಉಜಿರೆಯ ಮಾದರಿಯನ್ನೇ 2009ರಲ್ಲಿ ಕೇಂದ್ರ ಸರ್ಕಾರವು ದೇಶದ ಜಿಲ್ಲೆ ಜಿಲ್ಲೆಗೂ ವಿಸ್ತರಿಸಲು ಮುಂದಾಯಿತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಕಾರ್ಯವೂ ಸೇರಿದೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿ, ಅಡಮಾನವಿಲ್ಲದೆ ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಾಗಿ 3 ಲಕ್ಷ ರೂಪಾಯಿಗಳವರೆಗೆ ಸಾಲ ಅದರ ಮುಖ್ಯ ಅಂಶಗಳು.

ಸಾಲವೊಂದೇ ಸಾಲದು, ತರಬೇತಿಯೊಂದೇ ಸಾಲದು ಎಂಬುದೇ ಈ ಇತಿಹಾಸದ ಸಾರ. ಕೈಗೆ ಕುಶಲತೆ, ಕಸುಬಿಗೆ ಬಂಡವಾಳ, ಕೃತಿಗೆ ಮಾರುಕಟ್ಟೆ ಈ ಮೂರೂ ಒಂದುಗೂಡಿದಾಗ ಮಾತ್ರ ಕಾಯಕಜೀವಿಯು ಸ್ವಾವಲಂಬಿಯಾಗುತ್ತಾನೆ. ತಂದೆಯ ಉಳಿಯಿಂದ ಹೊಟ್ಟೆ ತುಂಬದಿದ್ದರೆ ಮಗನು ಅದನ್ನು ಕೈಗೆತ್ತಿಕೊಳ್ಳಲಾರ. ಅಲ್ಲಿಗೆ ಶತಮಾನಗಳ ವಿದ್ಯೆಯೇ ಮೌನವಾಗುತ್ತದೆ. ವಿಗ್ರಹವನ್ನು ಪೂಜಿಸುವ ಸಮಾಜವು ಅದನ್ನು ಕಡೆದ ಕೈಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ಕಾಯಕಕ್ಕೆ ತೋರುವ ನಿಜವಾದ ಗೌರವ.